ಇವರ ಕಡೆಯವರು ಯಾರು?



ಇಂದಿನ ಧಮ್ಮಚಿಂತನೆಯ ವಿಷಯ ರೋಗಿಯ ಆರೈಕೆ. ಅದರಲ್ಲೂ ಆಸ್ಪತ್ರೆಯ ಮಂಚದ ಮೇಲೆ ಯಾರೂ ಇಲ್ಲದೆ ಮಲಗಿರುವ ವಯಸ್ಸಾದವರ ಆರೈಕೆ. ಸ್ವಲ್ಪ ದೀರ್ಘವಾಗಿದೆ. ಬೆಳಿಗ್ಗೆ ಗಡಿಬಿಡಿಯಲ್ಲಿದ್ದರೆ ಸಂಜೆ ಬಿಡುವಾಗಿ ಓದಿ.

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಒಂದು ಮಾತಿದೆ: "ಇವರ ಕಡೆಯವರು ಯಾರು?" ರಕ್ತದ ಸ್ಯಾಂಪಲ್ ಲ್ಯಾಬಿಗೆ ಕೊಡಬೇಕು, ಕಡೆಯವರು ಯಾರು? ಹೊರಗಿನಿಂದ ಔಷಧಿ ತರಬೇಕು, ಕಡೆಯವರು ಯಾರು? ಎಕ್ಸ್‌ರೇಗೆ ಗಾಲಿಕುರ್ಚಿ ತಳ್ಳಬೇಕು, ಕಡೆಯವರು ಯಾರು? ನಮ್ಮ ಆಸ್ಪತ್ರೆಗಳು ನಡೆಯುವುದೇ ಕಡೆಯವರನ್ನು ನಂಬಿ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ಸಿಸ್ಟರ್ ಇರುತ್ತಾರೆ. ರೋಗಿಯ ಬಾಯಿಗೆ ಗಂಜಿ ಹಾಕುವವರು, ಮಗ್ಗುಲು ಬದಲಿಸುವವರು, ಡ್ರಿಪ್ ಮುಗಿಯಿತು ಎಂದು ಓಡಿಹೋಗಿ ಹೇಳುವವರು ಮನೆಯವರೇ. ಹೀಗಿರುವಾಗ ಆ ಪ್ರಶ್ನೆಗೆ ಉತ್ತರವೇ ಬಾರದ ಮಂಚವೊಂದಿದ್ದರೆ? ಸಿಸ್ಟರ್ ಕೇಳುತ್ತಾರೆ, ಅಕ್ಕಪಕ್ಕದವರು ಮುಖ ಮುಖ ನೋಡುತ್ತಾರೆ, ಮಂಚದ ಮೇಲಿನ ಅಜ್ಜಿ ಗೋಡೆಯ ಕಡೆ ತಿರುಗಿಕೊಳ್ಳುತ್ತಾಳೆ.

ಇದೇ ಪ್ರಶ್ನೆಯನ್ನು ಭಗವಾನ್ ಬುದ್ಧರೂ ಒಮ್ಮೆ ಕೇಳಿದ್ದರು. ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬುದ್ಧರಿಗೆ ರೋಗಿಗಳ ಮೇಲಿದ್ದ ಕಾಳಜಿಗೆಂದೇ ಒಂದು ಭಾಗ ಮೀಸಲಿಟ್ಟು ಈ ಪ್ರಸಂಗವನ್ನು ಕೊಟ್ಟಿದ್ದಾರೆ. ಮೂಲ ಇರುವುದು ವಿನಯಪಿಟಕದ ಮಹಾವಗ್ಗದಲ್ಲಿ, ಚೀವರಗಳ ನಿಯಮ ಹೇಳುವ ಎಂಟನೆಯ ಅಧ್ಯಾಯದಲ್ಲಿ. ಬಟ್ಟೆಯ ನಿಯಮದ ನಡುವೆ ರೋಗಿಯ ಕಥೆ ಏಕೆ ಬಂತು ಎನ್ನುವುದನ್ನು ಆಮೇಲೆ ನೋಡೋಣ.

ಒಬ್ಬ ಭಿಕ್ಖುವಿಗೆ ಹೊಟ್ಟೆ ಕೆಟ್ಟು ಭೇದಿಯಾಗಿತ್ತು. ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಬುದ್ಧರು ಆನಂದನೊಂದಿಗೆ ಭಿಕ್ಖುಗಳ ವಸತಿಗಳನ್ನು ನೋಡುತ್ತಾ ಬರುವಾಗ ಅವನಿದ್ದಲ್ಲಿಗೆ ಬಂದರು. ಅವರು ಮೊದಲು ಉಪದೇಶ ಮಾಡಲಿಲ್ಲ. ಅನಿತ್ಯದ ಮಾತನ್ನೂ ಎತ್ತಲಿಲ್ಲ. ಮೂರು ಪ್ರಶ್ನೆ ಕೇಳಿದರು. ನಿನಗೇನು ಕಾಯಿಲೆ? ನಿನ್ನನ್ನು ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ? ಇಲ್ಲವೆಂದರೆ, ಏಕೆ ಇಲ್ಲ?

ಮೂರನೆಯ ಪ್ರಶ್ನೆಗೆ ಅವನು ಕೊಟ್ಟ ಉತ್ತರ ನನ್ನನ್ನು ಬಹಳ ಕಾಡಿದೆ. ತನ್ನಿಂದ ಬೇರೆ ಭಿಕ್ಖುಗಳಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಯಾರೂ ನೋಡಿಕೊಳ್ಳುವುದಿಲ್ಲ ಎಂದ. ದೂರಿನ ಧ್ವನಿಯಿಲ್ಲ. ಲೆಕ್ಕ ಒಪ್ಪಿಸಿದ ಹಾಗಿದೆ. ನಮ್ಮ ಹಟ್ಟಿ ಕೇರಿಗಳ ಮುದುಕರ ಬಾಯಲ್ಲಿ ಇದೇ ಮಾತನ್ನು ನೀವೂ ಕೇಳಿರುತ್ತೀರಿ: "ಇನ್ನು ನನ್ನಿಂದ ಯಾರ್ಗೇನು ಆಗ್ಬೇಕು ಬುಡಿ." ಒಂಟಿತನ ಎಂದರೆ ಪಕ್ಕದಲ್ಲಿ ಜನ ಇಲ್ಲದಿರುವುದು ಎಂದುಕೊಳ್ಳುತ್ತೇವೆ. ಮೂವತ್ತು ಮಂಚದ ವಾರ್ಡಿನಲ್ಲಿ ಜನಕ್ಕೇನು ಕೊರತೆ? ಆ ಭಿಕ್ಖುವಿನ ಸುತ್ತಲೂ ಸಂಘವಿತ್ತು. ತಾನು ಇನ್ನು ಯಾರಿಗೂ ಬೇಕಾದವನಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುವುದೇ ಅವನ ಒಂಟಿತನ, ಇವರ ಒಂಟಿತನ.

ಬುದ್ಧರು ಆನಂದನಿಗೆ ನೀರು ತರಲು ಹೇಳಿದರು. ಬುದ್ಧರು ನೀರು ಹುಯ್ದರು, ಆನಂದ ಮೈ ತೊಳೆದ. ಬುದ್ಧರು ತಲೆಯ ಕಡೆ ಹಿಡಿದರು, ಆನಂದ ಕಾಲಿನ ಕಡೆ ಹಿಡಿದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿ ಹೇಳಿದರು: ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ನಿಮ್ಮ ತಾಯಿಯಿಲ್ಲ, ತಂದೆಯಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡಿಕೊಂಡಾರು? ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ. ಇದು ಅವರ ಮಾತಿನ ಸಾರ.

ನಾವು ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಸಂಘದಲ್ಲಿ ಸುನೀತರಂತೆ ಕಸ ಗುಡಿಸುವ ಕುಲದಿಂದ ಬಂದವರಿಗೂ ಸ್ಥಾನವಿತ್ತು. ಆದರೆ ಮಲ ತೊಳೆಯುವ ಕೆಲಸ ಬಂದಾಗ ಬುದ್ಧರು 'ಇದು ಇಂಥವರ ಕೆಲಸ' ಎಂದು ಯಾರನ್ನೂ ಹುಡುಕಿ ಕರೆಸಲಿಲ್ಲ. ತಾವೇ ನೀರು ಹುಯ್ದರು. ಜೊತೆಗಿದ್ದ ಆನಂದನೂ ಅವರಂತೆ ಶಾಕ್ಯ ಮನೆತನದವನೇ. ಇವತ್ತಿನ ನಮ್ಮ ಆಸ್ಪತ್ರೆಗಳಲ್ಲಿ ಬೆಡ್‌ಪ್ಯಾನ್ ತೆಗೆಯುವ, ನೆಲ ತೊಳೆಯುವ ಗುತ್ತಿಗೆ ನೌಕರರಲ್ಲಿ ಹೆಚ್ಚಿನವರು ಯಾವ ಕೇರಿಯಿಂದ ಬಂದಿದ್ದಾರೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ 'ರೋಗಿಯ ಸೇವೆ ಮಾಡಿ' ಎಂದು ನಮಗೆ ಯಾರಾದರೂ ಹೇಳಿದಾಗ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚುವುದು ಸಹಜ. ಸಾವಿರಾರು ವರ್ಷ ಬಲವಂತವಾಗಿ ಮಾಡಿಸಿಕೊಂಡ ಸೇವೆ ಸಾಲದೇ? ಧಮ್ಮದ ಹೆಸರಿನಲ್ಲಿ ಮತ್ತದೇ ಚಾಕರಿಯೇ?

ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಮುಂದೆ ಹೋಗುವಂತಿಲ್ಲ. ಇದಕ್ಕೆ ಉತ್ತರ ಒಂದು ಪದದೊಳಗೇ ಇದೆ ಎಂದು ನನಗನ್ನಿಸುತ್ತದೆ. ಕನ್ನಡ ಪಾಠ ಮಾಡುವವಳಾದ್ದರಿಂದ ಪದದ ಬೆನ್ನು ಹತ್ತುವುದು ನನ್ನ ಚಟ, ಸಹಿಸಿಕೊಳ್ಳಿ.

ಆರೈಕೆಗೆ ನಾವು ಬಳಸುವ ಇನ್ನೊಂದು ಮಾತು ಶುಶ್ರೂಷೆ. ಈಗ ಸರ್ಕಾರಿ ಕಾಗದಗಳಲ್ಲಿ ನರ್ಸುಗಳನ್ನು ಶುಶ್ರೂಷಾಧಿಕಾರಿ ಎಂದೇ ಬರೆಯುತ್ತಾರೆ. ಮಕ್ಕಳಿಗೆ ಇದನ್ನು ಬರೆಸುವುದು ಕಷ್ಟ. ಯಾವ 'ಶ', ಯಾವ 'ಷ' ಎಂದು ಒದ್ದಾಡುತ್ತವೆ. ಆದರೆ ಇದರ ಮೂಲ ಸರಳ. ಶ್ರವಣ, ಶ್ರೋತೃ ಎಂಬ ಪದಗಳಲ್ಲಿರುವ 'ಶ್ರು' ಧಾತು, ಕೇಳು ಎಂದು ಅರ್ಥ. ತಿಳಿಯಬೇಕೆಂಬ ಆಸೆ ಜಿಜ್ಞಾಸೆ, ಕುಡಿಯಬೇಕೆಂಬ ಆಸೆ ಪಿಪಾಸೆ. ಹಾಗೆಯೇ ಕೇಳಬೇಕೆಂಬ ಆಸೆ ಶುಶ್ರೂಷೆ. ಗುಳಿಗೆ ಕೊಡುವುದು, ಗಾಯ ತೊಳೆಯುವುದು ಎಂಬ ಅರ್ಥಗಳೆಲ್ಲ ಆಮೇಲೆ ಬಂದವು. ಮೊದಲಿನದು ಎದುರಿಗಿರುವವರ ಮಾತಿಗೆ ಕಿವಿಗೊಡುವ ಮನಸ್ಸು.

ಆದರೆ ಕಿವಿಗೊಡುವುದು ಎಂಬುದೇ ಹೇಳಿದಂತೆ ಕೇಳುವುದು ಎಂದೂ ಆಗಬಹುದಲ್ಲ? ಆಯಿತು ಕೂಡ. ಮನುಸ್ಮೃತಿಯ ಮೊದಲ ಅಧ್ಯಾಯದಲ್ಲಿ ಶೂದ್ರನಿಗೆ ವಿಧಿಸಿರುವ ಒಂದೇ ಒಂದು ಕೆಲಸ ಮೇಲಿನ ಮೂರು ವರ್ಣಗಳ ಶುಶ್ರೂಷೆ, ಅದೂ ಹೊಟ್ಟೆಕಿಚ್ಚಿಲ್ಲದೆ. ಅಲ್ಲಿ ಬಳಸಿರುವುದು ಇದೇ ಪದ. ಅಲ್ಲಿ ಕೇಳುವವನು ಯಾವಾಗಲೂ ಕೆಳಗಿನವನು, ಹೇಳುವವನು ಯಾವಾಗಲೂ ಮೇಲಿನವನು, ಹುಟ್ಟಿನಿಂದಲೇ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟದ್ದು ಈ ಶುಶ್ರೂಷೆಯನ್ನು.

ಅದೇ ಪದಕ್ಕೆ ಇನ್ನೊಂದು ಚರಿತ್ರೆಯೂ ಇದೆ, ಅದು ನಮ್ಮ ನಾಡಿನ ಬಂಡೆಯ ಮೇಲೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ, 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದದ್ದು. ಅದರಲ್ಲಿ ತಂದೆ ತಾಯಿಯರ ವಿಷಯದಲ್ಲಿ ಹೇಗೆ ನಡೆಯಬೇಕು ಎಂದು ಹೇಳುವಾಗ ಬರುವುದು ಶುಶ್ರೂಷೆಯ ಪ್ರಾಕೃತ ರೂಪವೇ. ಅಶೋಕ ಬೇರೆ ಶಾಸನಗಳಲ್ಲಿ ದಾಸರು, ಕೂಲಿಯಾಳುಗಳ ಜೊತೆ ಸರಿಯಾಗಿ ನಡೆದುಕೊಳ್ಳುವುದನ್ನೂ ಧಮ್ಮದ ಪಟ್ಟಿಗೆ ಸೇರಿಸುತ್ತಾನೆ. ಎರಡನೆಯ ಬಂಡೆ ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧದ ಗಿಡಗಳನ್ನು ತರಿಸಿ ನೆಡಿಸಿದ್ದನ್ನು ಹೇಳುತ್ತಾನೆ. ಇಲ್ಲಿ ಕೇಳಿಸಿಕೊಳ್ಳಬೇಕಾದ ಧ್ವನಿ ವರ್ಣದಿಂದ ದೊಡ್ಡದಾದದ್ದಲ್ಲ. ವಯಸ್ಸಾಗಿ, ಕಾಯಿಲೆಯಾಗಿ, ಕೂಲಿಯಾಳಾಗಿ ಮೆತ್ತಗಾದ ಧ್ವನಿ. ಮನುವಿನ ಶುಶ್ರೂಷೆಯಲ್ಲಿ ಬಲವಿಲ್ಲದವನು ಬಲವಿರುವವನ ಮಾತು ಕೇಳಬೇಕು. ಬುದ್ಧರು ಆ ಭಿಕ್ಖುವಿನ ಪಕ್ಕ ನಿಂತು ಮೂರು ಪ್ರಶ್ನೆ ಕೇಳಿದಾಗ ನಡೆದದ್ದು ಇದಕ್ಕೆ ತಿರುಗುಮುರುಗು. ಚಾಕರಿಗೂ ಶುಶ್ರೂಷೆಗೂ ನಾನು ಕಾಣುವ ವ್ಯತ್ಯಾಸ ಇದು.

ಮಾತು ಪುಸ್ತಕದಲ್ಲೇ ಉಳಿಯಬಾರದು. ಎರಡು ವರ್ಷದ ಹಿಂದೆ ನಮ್ಮತ್ತೆಯವರಿಗೆ ನ್ಯುಮೋನಿಯಾ ಆಗಿ ಒಂದು ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹನ್ನೊಂದು ದಿನ ಇದ್ದೆವು. ಪಕ್ಕದ ಮಂಚದಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ. ಮನೆಯಲ್ಲಿ ಜಾರಿ ಬಿದ್ದು, ಜ್ವರವೂ ಇತ್ತೆಂದು ಊರಿನವರು ಯಾರೋ ಆಟೋದಲ್ಲಿ ಕರೆತಂದು ಸೇರಿಸಿ ಹೋಗಿದ್ದರು. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಬೆಂಗಳೂರಿನಲ್ಲಿ ಗಾರೆ ಕೆಲಸ. ಫೋನ್ ನಂಬರ್ ಅಜ್ಜಿಗೆ ಗೊತ್ತಿಲ್ಲ.

ಮೊದಲ ದಿನವೇ ಆಯಾ ನೀರಿನ ಲೋಟ ಹಿಡಿದಾಗ ಅಜ್ಜಿ ಕೇಳಿದ್ದು, "ನೀನು ಯಾವ ಜನವ್ವ?" ಎಂದು. ಆಯಾ ನಮ್ಮವರೇ, ಪಕ್ಕದ ಊರಿನ ಕೇರಿಯವರು. ಅವರು ತಣ್ಣಗೆ, "ಅಜ್ಜಿ, ಈ ನೀರು ನಲ್ಲೀದು, ನಂದಲ್ಲ. ಕುಡೀರಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಮೈಮೇಲಿನ ಬಟ್ಟೆ ಸರಿಮಾಡಿಕೊಳ್ಳಲು ಕೈಲಾಗದ ಸ್ಥಿತಿಯಲ್ಲೂ ಜಾತಿ ಕೇಳಲು ನಾಲಿಗೆಗೆ ಶಕ್ತಿಯಿರುತ್ತದಲ್ಲ! ಅಷ್ಟರಲ್ಲಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಬಂದು, ಧ್ವನಿ ಏರಿಸದೆ, "ಅಜ್ಜಿ, ಇಲ್ಲಿ ಆ ಮಾತು ಯಾರನ್ನೂ ಕೇಳಂಗಿಲ್ಲ. ಇನ್ನೊಂದು ಸಲ ಕೇಳಬೇಡಿ" ಎಂದು ಹೇಳಿ, ಅದೇ ಉಸಿರಿನಲ್ಲಿ ಬಿಪಿ ಪಟ್ಟಿ ಸುತ್ತಿದರು. ಕರುಣೆ ಎಂದರೆ ಅವಮಾನ ನುಂಗಿಕೊಳ್ಳುವುದು ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಅಲ್ಲ. ಸಂವಿಧಾನದ 17ನೇ ವಿಧಿ ಆಸ್ಪತ್ರೆಯ ಮಂಚಕ್ಕೂ ಅನ್ವಯಿಸುತ್ತದೆ. ತಪ್ಪು ಮಾತನ್ನು ತಪ್ಪು ಎಂದು ಹೇಳಿಯೂ ಕೈ ಹಿಡಿಯಬಹುದು ಎನ್ನುವುದನ್ನು ಆ ಸಿಸ್ಟರ್ ಅರ್ಧ ನಿಮಿಷದಲ್ಲಿ ತೋರಿಸಿದರು. ಆಯಾ ಅವರನ್ನು ಆಮೇಲೆ ನಾನೇ ಕೇಳಿದೆ, ನಿಮಗೆ ಬೇಜಾರಾಗಲಿಲ್ಲವೇ ಎಂದು. "ಬೇಜಾರೇನು ಹೊಸದಾ ಮೇಡಂ? ಅವ್ರ ಜಾತಿ ನೋಡಿ ನಾನು ಕೆಲಸಕ್ಕೆ ಬಂದಿಲ್ಲ, ಮಂಚದ ನಂಬರ್ ನೋಡಿ ಬಂದಿದೀನಿ" ಎಂದರು.

ಅಜ್ಜಿಗೆ ಮೂತ್ರದ ಸೋಂಕು. ಔಷಧಿ ಹೋಗುತ್ತಿತ್ತು, ಆದರೂ ರಾತ್ರಿಯಾದರೆ ಸತ್ತ ಗಂಡನ ಹೆಸರು ಹಿಡಿದು ಕೂಗುವುದು, ಡ್ರಿಪ್ ಕಿತ್ತುಹಾಕಲು ಹೋಗುವುದು. ವಾರ್ಡಿನವರೆಲ್ಲ "ಮುದುಕಿಗೆ ಬುದ್ಧಿ ಕೆಟ್ಟಿದೆ" ಎಂದು ತೀರ್ಪು ಕೊಟ್ಟರು. ಸಿಸ್ಟರ್ ನಮಗೆ ತಿಳಿಸಿ ಹೇಳಿದರು: ವಯಸ್ಸಾದವರಿಗೆ ಸೋಂಕಾದಾಗ, ಮೈಯಲ್ಲಿ ನೀರು ಕಡಿಮೆಯಾದಾಗ, ನಿದ್ದೆಗೆಟ್ಟಾಗ, ಜಾಗ ಬದಲಾದಾಗ ಹೀಗೆ ತಬ್ಬಿಬ್ಬಾಗುವುದುಂಟು. ಅದು ಹುಚ್ಚಲ್ಲ, ಮರೆವಿನ ಕಾಯಿಲೆಯೇ ಎಂದೂ ಹೇಳಲಾಗದು, ಕಾರಣ ಸರಿಪಡಿಸಿದರೆ ಬಹುಮಟ್ಟಿಗೆ ಇಳಿಯುತ್ತದೆ. ಅವರು ಮಾಡಿದ ಮೊದಲ ಕೆಲಸ ಅಜ್ಜಿಯ ಬಟ್ಟೆಗಂಟು ಬಿಚ್ಚಿ ಕನ್ನಡಕ ಹುಡುಕಿ ಕಣ್ಣಿಗೆ ಹಾಕಿದ್ದು. ಎರಡು ದಿನದಿಂದ ಆ ಅಜ್ಜಿಗೆ ಯಾರ ಮುಖವೂ ಸರಿಯಾಗಿ ಕಂಡಿರಲಿಲ್ಲ! ಆಮೇಲೆ ಹಗಲು ಕಿಟಕಿಯ ಬೆಳಕು ಕಾಣುವಂತೆ ಮಂಚ ತಿರುಗಿಸಿದರು. ಬಂದಾಗಲೆಲ್ಲ ತಮ್ಮ ಹೆಸರು, ಇವತ್ತು ಯಾವ ವಾರ, ಇದು ಆಸ್ಪತ್ರೆ ಎಂದು ಹೇಳಿಯೇ ಮುಟ್ಟುತ್ತಿದ್ದರು.

ಆದರೆ ನೀರು ಮಾತ್ರ ಅಜ್ಜಿ ಕುಡಿಯುತ್ತಿರಲಿಲ್ಲ. ಜಾತಿಯ ಕಾರಣಕ್ಕೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಸಿಸ್ಟರ್ ಮಾತ್ರ ಹಾಗೆ ಅಂದುಕೊಂಡು ಸುಮ್ಮನಾಗಲಿಲ್ಲ. ರಾತ್ರಿ ಪಾಳಿಯಲ್ಲಿ ಪಟ್ಟಿ ಸುತ್ತುವಾಗ, ಗುಳಿಗೆ ಎಣಿಸುವಾಗ ಏನಾದರೊಂದು ಕೇಳುವರು. ನಿಮ್ಮೂರಲ್ಲಿ ಮಳೆ ಆಯ್ತಾ? ಏನು ಬೆಳೀತೀರಿ? ಅದಕ್ಕೆಂದು ಬೇರೆ ಸಮಯವನ್ನೇನೂ ಅವರು ತೆಗೆದಿಡಲಿಲ್ಲ, ತೆಗೆದಿಡಲು ಅವರ ಹತ್ತಿರ ಇರಲೂ ಇಲ್ಲ. ಅಜ್ಜಿ ಒಂದು ಕಾಲಕ್ಕೆ ರೇಷ್ಮೆ ಹುಳು ಸಾಕಿದವಳು. ಸಿಸ್ಟರ್ ತವರಿನಲ್ಲೂ ಹಿಪ್ಪುನೇರಳೆ ತೋಟವಿತ್ತು. ಹುಳುಗಳು ನಾಲ್ಕು ಸಲ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಕೈ ತಾಗಿಸಬಾರದು, ಎಲ್ಲ ಎದ್ದ ಮೇಲೆಯೇ ಹಾಕಬೇಕು, ಮೊದಲು ಎದ್ದ ನಾಲ್ಕು ಹುಳಕ್ಕೆ ಕನಿಕರಪಟ್ಟು ಹಾಕಿದರೆ ಆ ಮನೆಯ ಹುಳುವೆಲ್ಲ ಹೆಚ್ಚುಕಮ್ಮಿಯಾಗುತ್ತವೆ ಎಂದು ಅಜ್ಜಿ ಪಾಠ ಮಾಡತೊಡಗಿದಳು. ಹುಳು ಹಣ್ಣಾದಾಗ ಚಂದ್ರಂಕಿಗೆ ಬಿಡುವ ಹದ ಹೇಳಿದಳು. ಸಿಸ್ಟರ್ ನಿಜವಾಗಿಯೂ ಕೇಳಿಸಿಕೊಂಡರು. ಮಾರನೆಯ ದಿನ ಬಂದು, "ಅಜ್ಜಿ, ನೀವು ಹೇಳಿದ್ದನ್ನ ನಮ್ಮಣ್ಣನಿಗೆ ಫೋನಲ್ಲಿ ಹೇಳಿದೆ" ಎಂದರು. ಅಜ್ಜಿಯ ಮುಖ ನೋಡಬೇಕಿತ್ತು. 'ನನ್ನಿಂದ ಯಾರಿಗೂ ಉಪಯೋಗವಿಲ್ಲ' ಎಂದ ಭಿಕ್ಖುವಿನ ಮಾತಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಅದೇ ರಾತ್ರಿ, ಹುಳದ ಮಾತಿನ ನಡುವೆ, ಅಜ್ಜಿ ತಾನಾಗಿಯೇ ಹೇಳಿದಳು: "ನೀರು ಕುಡುದ್ರೆ ಮತ್ತೆ ನಿಮ್ಮನ್ನ ಕರೀಬೇಕಲ್ಲವ್ವ. ಎಷ್ಟು ಸಲ ಅಂತ ಕರೀಲಿ."

ಇಷ್ಟೇ. ಬೆಡ್‌ಪ್ಯಾನ್ ಕೇಳುವ ಸಂಕೋಚಕ್ಕೆ ಅಜ್ಜಿ ನೀರು ಬಿಟ್ಟಿದ್ದಳು. ನೀರು ಬಿಟ್ಟದ್ದಕ್ಕೆ ಸೋಂಕು ಇಳಿಯಲು ತಡವಾಗುತ್ತಿತ್ತು, ರಾತ್ರಿಯ ಕೂಗಾಟವೂ ಅದಕ್ಕೇ ಹೆಚ್ಚಾಗಿತ್ತು. ಕೇಸ್ ಶೀಟಿನಲ್ಲಿ ಇದು ಎಲ್ಲೂ ಇರಲಿಲ್ಲ. ಮರುದಿನದಿಂದ ಸಿಸ್ಟರ್ ಒಂದು ಏರ್ಪಾಡು ಮಾಡಿದರು. ಅಜ್ಜಿ ಕರೆಯಬೇಕಾಗಿಲ್ಲ, ಎರಡು ಗಂಟೆಗೊಮ್ಮೆ ಆಯಾ ತಾವೇ ಬಂದು ಕೇಳುವುದು, ಮಗ್ಗುಲು ಬದಲಿಸುವುದು, ಹೋಗುವಾಗ ಅರ್ಧ ಲೋಟ ನೀರು ಕುಡಿಸುವುದು. ನಡುವಿನ ಹೊತ್ತಿನಲ್ಲಿ ನಾನೂ, ಎದುರು ಮಂಚದವರ ಮಗಳೂ ನೋಡಿಕೊಳ್ಳುತ್ತಿದ್ದೆವು. ಮಲಗಿದ್ದವರ ಮಗ್ಗುಲು ಹೀಗೆ ಬದಲಿಸದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ, ವಯಸ್ಸಾದವರಲ್ಲಿ ಅದು ಬೇಗ ಮಾಯುವುದಿಲ್ಲ.

ಮಹಾವಗ್ಗದ ಆ ಪ್ರಸಂಗದಲ್ಲಿ ಬುದ್ಧರು ರೋಗಿಯನ್ನು ನೋಡಿಕೊಳ್ಳುವವರಿಗೆ, ಗಿಲಾನುಪಟ್ಠಾಕರಿಗೆ, ಬೇಕಾದ ಐದು ಗುಣಗಳನ್ನು ಹೇಳುತ್ತಾರೆ. ಔಷಧಿ ಸಿದ್ಧಪಡಿಸಲು ಬರಬೇಕು. ಯಾವುದು ಹಿತ ಯಾವುದು ಅಹಿತ ಎಂದು ತಿಳಿದು ಹಿತವಾದ್ದನ್ನು ಕೊಟ್ಟು ಅಹಿತವನ್ನು ದೂರವಿಡಬೇಕು. ಲಾಭಕ್ಕಾಗಿಯಲ್ಲದೆ ಮೈತ್ರಿಯಿಂದ ಮಾಡಬೇಕು. ಮಲಮೂತ್ರ, ಉಗುಳು, ವಾಂತಿಗೆ ಹೇಸಬಾರದು. ಆಗಾಗ ಧಮ್ಮದ ಮಾತಿನಿಂದ ರೋಗಿಯ ಮನಸ್ಸನ್ನು ಅರಳಿಸಬೇಕು. ಈ ಐದರಲ್ಲಿ ಔಷಧಿಯ ತಿಳಿವಳಿಕೆ ಮೊದಲು, ಧಮ್ಮದ ಮಾತು ಕೊನೆಗೆ. ನಮ್ಮಲ್ಲಿ ಕೆಲವರು ಮೊದಲ ನಾಲ್ಕನ್ನು ಬಿಟ್ಟು ನೇರವಾಗಿ ಐದನೆಯದಕ್ಕೆ ಹೋಗುತ್ತಾರೆ. ಹಸಿದ ರೋಗಿಯ ಮುಂದೆ ಅನಿತ್ಯದ ಪ್ರವಚನ! ರೇಷ್ಮೆ ಹುಳದ ಮಾತು ಧಮ್ಮದ ಮಾತಲ್ಲವೇ ಎಂದು ನೀವು ಕೇಳಬಹುದು. ಆ ಅಜ್ಜಿಯ ಮನಸ್ಸು ಅರಳಿತಲ್ಲ, ನನ್ನ ಲೆಕ್ಕದಲ್ಲಿ ಅದು ಐದನೆಯ ಗುಣವೇ.

ಬುದ್ಧರು ರೋಗಿಯ ಕಡೆಯ ದೋಷಗಳನ್ನೂ ಮುಚ್ಚಿಟ್ಟಿಲ್ಲ. ಕೆಲವು ರೋಗಿಗಳನ್ನು ನೋಡಿಕೊಳ್ಳುವುದು ಕಷ್ಟ ಎಂದು ಹೇಳಿ ಅದಕ್ಕೂ ಐದು ಕಾರಣ ಕೊಡುತ್ತಾರೆ. ಅಹಿತವಾದ್ದನ್ನೇ ಮಾಡುವುದು, ಹಿತವಾದ್ದರಲ್ಲೂ ಮಿತಿ ತಿಳಿಯದಿರುವುದು, ಔಷಧಿ ತೆಗೆದುಕೊಳ್ಳದಿರುವುದು, ಒಳಿತು ಬಯಸುವವರಿಗೂ ಕಾಯಿಲೆಯ ಸ್ಥಿತಿ ಇದ್ದಂತೆ ಹೇಳದಿರುವುದು, ನೋವು ತಾಳಲಾರದಿರುವುದು. ನಾಲ್ಕನೆಯದನ್ನು ನೋಡಿ. ನಮ್ಮ ಅಜ್ಜಿ ಮಾಡಿದ್ದು ಅದನ್ನೇ. ಹೇಳುವ ಧೈರ್ಯ ಬರಬೇಕಾದರೆ ಕೇಳುವವರು ಒಬ್ಬರು ಇರಬೇಕು.

ಮಗನ ವಿಷಯ. ಊರಿನವರ ಮೂಲಕ ನಂಬರ್ ಸಿಕ್ಕಿ ಆರನೆಯ ದಿನ ಬಂದ. ವಾರ್ಡಿನಲ್ಲಿ ಎಲ್ಲರೂ ಅವನನ್ನು ಕೊಲೆಗಾರನಂತೆ ನೋಡಿದರು. ಹೆತ್ತವರನ್ನು ಬಿಟ್ಟುಹೋಗುವ ಮಕ್ಕಳಿದ್ದಾರೆ, ಅಂಥವರಿಗಾಗಿಯೇ 2007ರಲ್ಲಿ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಿದೆ. ಜೀವನಾಂಶಕ್ಕೆ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಆದರೆ ದಿನಗೂಲಿಯವನು ಒಂದು ದಿನ ತಪ್ಪಿಸಿದರೆ ಒಂದು ದಿನದ ಅನ್ನ ಹೋಯಿತು, ಮೂರು ದಿನ ತಪ್ಪಿಸಿದರೆ ಮೇಸ್ತ್ರಿ ಬೇರೆಯವರನ್ನು ಹಾಕಿಕೊಳ್ಳುತ್ತಾನೆ. ಆ ಮಗ ಬಂದವನೇ ತಾಯಿಯ ಕಾಲ ಬಳಿ ಕೂತು ಏನೂ ಮಾತಾಡದೆ ಪಾದ ಒತ್ತುತ್ತಿದ್ದ. ಬೈಯುವ ಮೊದಲು ಅವನ ಮಾತನ್ನೂ ಕೇಳಿಸಿಕೊಳ್ಳಬೇಕಲ್ಲವೇ?

ಬಿಡುಗಡೆಯ ದಿನ ಗಾಲಿಕುರ್ಚಿಗೆ ಇಳಿಯುವಾಗ ಅಜ್ಜಿ ಆಯಾ ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿಯದಿದ್ದರೆ ಬೀಳುತ್ತಿದ್ದಳು. ಅದರಿಂದ ಅಜ್ಜಿಯ ಮನಸ್ಸು ಬದಲಾಯಿತೆಂದು ಕಥೆ ಕಟ್ಟಲು ನನಗಿಷ್ಟವಿಲ್ಲ. ಆ ಹನ್ನೊಂದು ದಿನದಲ್ಲಿ ಎರಡನೆಯ ಸಲ ಯಾರ ಜಾತಿಯನ್ನೂ ಕೇಳಲಿಲ್ಲ ಎನ್ನುವುದಷ್ಟೇ ನಾನು ಕಂಡದ್ದು.

ನಮ್ಮ ಪರಂಪರೆಯಲ್ಲಿ ಇಂಥ ಆರೈಕೆಗೆ ದೊಡ್ಡ ಮಾದರಿ ಬೇಕೆಂದರೆ ಸಾವಿತ್ರಿಬಾಯಿ ಫುಲೆಯವರನ್ನು ನೆನೆಯಿರಿ. ಶಾಲೆ ತೆರೆದದ್ದನ್ನು ಜನವರಿ 3ಕ್ಕೆ ಎಲ್ಲರೂ ನೆನೆಯುತ್ತೇವೆ, ತೀರಿಕೊಂಡದ್ದು ಹೇಗೆಂದು ಹೆಚ್ಚು ಹೇಳುವುದಿಲ್ಲ. 1897ರ ಪ್ಲೇಗಿನ ಕಾಲದಲ್ಲಿ, ಅರವತ್ತು ದಾಟಿದ ಮೇಲೆ, ವೈದ್ಯನಾದ ಮಗ ಯಶವಂತನ ಜೊತೆ ಪುಣೆಯ ಹೊರವಲಯದಲ್ಲಿ ರೋಗಿಗಳ ಆರೈಕೆಗೆ ನಿಂತರು. ಮುಂಢ್ವಾದ ಮಹಾರರ ಕೇರಿಯಿಂದ ಪ್ಲೇಗ್ ತಗುಲಿದ ಹುಡುಗನೊಬ್ಬನನ್ನು ತಾವೇ ಹೊತ್ತು ತಂದರು. ಸೋಂಕು ಅವರಿಗೂ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಯಾರ ಮೈ ಯಾರು ಮುಟ್ಟಬೇಕು ಎಂಬ ಪಟ್ಟಿಯನ್ನು ಅವರು ಬೆನ್ನ ಮೇಲೆ ಹೊತ್ತು ಹರಿದುಹಾಕಿದರು.

ಈಗ ಬಟ್ಟೆಯ ಅಧ್ಯಾಯದಲ್ಲಿ ರೋಗಿಯ ಕಥೆ ಏಕೆ ಎಂಬುದಕ್ಕೆ ಬರೋಣ. ಭಿಕ್ಖುವೊಬ್ಬ ತೀರಿಕೊಂಡರೆ ಅವನ ಚೀವರ, ಪಾತ್ರೆಗಳಿಗೆ ಸಂಘವೇ ಒಡೆಯ. ಆದರೆ ರೋಗಿಯನ್ನು ನೋಡಿಕೊಂಡವರು ಬಹಳ ಉಪಕಾರ ಮಾಡಿದವರು, ಆದ್ದರಿಂದ ಮೂರು ಚೀವರ ಮತ್ತು ಪಾತ್ರೆಯನ್ನು ಸಂಘ ಅವರಿಗೆ ಕೊಡಲಿ ಎಂದು ಬುದ್ಧರು ನಿಯಮ ಮಾಡಿದರು. ಭಿಕ್ಖುವೂ ಸಾಮಣೇರನೂ ಜೊತೆಯಾಗಿ ನೋಡಿಕೊಂಡಿದ್ದರೆ? ಸಾಮಣೇರ ಕಿರಿಯವನು, ಇನ್ನೂ ಪೂರ್ಣ ದೀಕ್ಷೆಯಾಗದವನು. ಅವನಿಗೂ ಸಮಪಾಲು ಎಂದರು. ಮೈತ್ರಿಯಿಂದ ಮಾಡಬೇಕು ಎಂದವರೇ ಮಾಡಿದವರಿಗೆ ಸಲ್ಲಬೇಕಾದ್ದನ್ನೂ ಲೆಕ್ಕ ಹಾಕಿ ಕೊಡಿಸಿದರು. ಕರುಣೆಯ ಕೆಲಸ ಎಂದು ಹೊಗಳಿ ಆಯಾಗಳ ಗುತ್ತಿಗೆ ಸಂಬಳವನ್ನು ತಿಂಗಳುಗಟ್ಟಲೆ ತಡಮಾಡುವವರು ಈ ಸಮಪಾಲಿನ ನಿಯಮವನ್ನು ಓದಬೇಕು. ನಮ್ಮ ಬಳಗದಲ್ಲಿರುವ ನೌಕರ ಸಂಘದ ಪದಾಧಿಕಾರಿಗಳು ಇದನ್ನು ಸಭೆಗಳಲ್ಲಿ ಎತ್ತಲಿ ಎಂದು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ನಮ್ಮ ಬಳಗದ ಮಾತು. ಏಪ್ರಿಲ್ 14ಕ್ಕೆ ಆಸ್ಪತ್ರೆಯಲ್ಲಿ ಹಣ್ಣು, ಬ್ರೆಡ್ ಹಂಚುತ್ತೇವೆ. ಬಾಳೆಹಣ್ಣು ಹಿಡಿದ ರೋಗಿಯ ಸುತ್ತ ಹತ್ತು ಜನ ನಿಂತ ಫೋಟೋ ಗುಂಪಿಗೆ ಬರುತ್ತದೆ. ಆ ರೋಗಿಯ ಹೆಸರು ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಈ ಸಲ ವಿಹಾರದ ಸಭೆಯಲ್ಲಿ ಬೇರೆ ತೀರ್ಮಾನವಾಗಿದೆ. ಪ್ರತಿ ಭಾನುವಾರ ಸಂಜೆ ಭೇಟಿಯ ವೇಳೆಯಲ್ಲಿ, ನರ್ಸಿಂಗ್ ಮೇಲ್ವಿಚಾರಕರ ಅನುಮತಿ ಪಡೆದು, ನಮ್ಮಲ್ಲಿ ಇಬ್ಬರು ಹೋಗುವುದು. ಕಡೆಯವರಿಲ್ಲದ ಹಿರಿಯರು ಯಾರೆಂದು ಸಿಸ್ಟರನ್ನೇ ಕೇಳುವುದು.

ಹೋಗುವವರು ದಯವಿಟ್ಟು ಗಮನಿಸಿ. ಫೋಟೋ ಬೇಡವೇ ಬೇಡ. ಕೈ ತೊಳೆದುಕೊಂಡು ಹೋಗಿ, ಬಂದ ಮೇಲೂ ತೊಳೆಯಿರಿ. ನೆಗಡಿ, ಕೆಮ್ಮು ಇದ್ದರೆ ಆ ವಾರ ಹೋಗಬೇಡಿ. ತಿನ್ನಲು ಕೊಡುವ ಮೊದಲು ಸಿಸ್ಟರನ್ನು ಕೇಳಿ. ಸಕ್ಕರೆ ಕಾಯಿಲೆ ಇರಬಹುದು, ಆಪರೇಷನ್‌ಗೆ ಉಪವಾಸ ಇಟ್ಟಿರಬಹುದು, ಮಲಗಿದ್ದಂತೆಯೇ ಕುಡಿಸಿದರೆ ಶ್ವಾಸಕ್ಕೆ ಹೋಗಬಹುದು. ಸಿಸ್ಟರ್ ಹೇಳದೆ ಯಾರನ್ನೂ ಎತ್ತುವುದು, ತಿರುಗಿಸುವುದು ಬೇಡ. ನಿಂತು ಮಾತಾಡಬೇಡಿ, ಸ್ಟೂಲ್ ಎಳೆದು ಅವರಿಗೆ ಕತ್ತು ತಿರುಗಿಸದೆ ಕಾಣುವಂತೆ ಕೂರಿ. ಇದನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲೇ ಹೇಳಿದ್ದಾರೆ. ನೋಡಲು ಬಂದವರು ಕೊಡುವ ಪೊಳ್ಳು ಧೈರ್ಯದ ಮೇಲೂ ಅದರಲ್ಲಿ ಒಂದು ಅಧ್ಯಾಯವೇ ಇದೆ. ಆದ್ದರಿಂದ 'ಏನೂ ಆಗಲ್ಲ ಬಿಡಿ' ಎನ್ನಬೇಡಿ. ಮುಂದಿನ ವಾರ ಬರುತ್ತೇನೆಂದು ಹೇಳಿದರೆ ಬನ್ನಿ, ಬರಲಾಗದಿದ್ದರೆ ಹೇಳಲೇಬೇಡಿ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಎಲ್ಲಿದೆ ಎಂದು ಕೇಳಿ. ಅವರಿಂದ ಏನಾದರೂ ಕಲಿತು ಬನ್ನಿ, ಒಂದು ಸಾರು ಮಾಡುವ ಬಗೆಯಾದರೂ ಸರಿ. ಮಾತಾಡಲು ಇಷ್ಟವಿಲ್ಲ ಎಂದರೆ ಸುಮ್ಮನೆ ಸ್ವಲ್ಪ ಹೊತ್ತು ಕೂತು ಎದ್ದು ಬನ್ನಿ.

ಬಿಡುಗಡೆಯಾಗಿ ಹೋಗಲು ಮನೆಯೇ ಇಲ್ಲದವರು, ಮನೆಯಲ್ಲಿ ಹಿಂಸೆ ಇದೆ ಎನ್ನುವವರು ಕಂಡರೆ ನೀವೇ ಪಂಚಾಯಿತಿ ಮಾಡಲು ಹೋಗಬೇಡಿ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಸಿಸ್ಟರ್ ಗಮನಕ್ಕೂ ತನ್ನಿ.

ಮೊದಲ ಭಾನುವಾರಕ್ಕೆ ನಾನು ಹೋಗುತ್ತಿದ್ದೇನೆ. ಜೊತೆಗೆ ಇನ್ನೊಬ್ಬರು ಬೇಕು, ಹೆಂಗಸರ ವಾರ್ಡ್ ಆದ್ದರಿಂದ ಉಪಾಸಿಕೆಯರು ಯಾರಾದರೂ ಬಂದರೆ ಒಳ್ಳೆಯದು. ಎರಡನೆಯ ಭಾನುವಾರ ಗಂಡಸರ ವಾರ್ಡ್, ಅದಕ್ಕೆ ಇಬ್ಬರು ಹೆಸರು ಕೊಡಿ. ಗುರುವಾರ ರಾತ್ರಿಯೊಳಗೆ ಗುಂಪಿನಲ್ಲಿ ತಿಳಿಸಿದರೆ ಶುಕ್ರವಾರ ಆಸ್ಪತ್ರೆಗೆ ಪತ್ರ ಕೊಡಲು ಅನುಕೂಲ.

ಜೈ ಭೀಮ್. ನಮೋ ಬುದ್ಧಾಯ.